ಲಸಿಕೆಯ ಡಾಕ್ಟರ್ ಪಲ್ಪು

ನಾನು ಕೆಂಗೇರಿಯ ಹುಡುಗಿ, ಸೂಕ್ಷ್ಮಜೀವಶಾಸ್ತ್ರದ ವಿದ್ಯಾರ್ಥಿನಿ. ವೈರಸ್‌ಗಳು ದೇಹದ ರಕ್ಷಣೆಯಿಂದ ತಪ್ಪಿಸಿಕೊಳ್ಳುವ ಬಗೆಯನ್ನು ಓದುವಾಗಲೆಲ್ಲ ನನಗೆ ಡಾ. ಪಲ್ಪು ನೆನಪಾಗುತ್ತಾರೆ.

1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಪಲ್ಪು ಈಳವ ಸಮುದಾಯದವರು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ವೈದ್ಯಶಿಕ್ಷಣ ಸಿಗಲಿಲ್ಲ. ಮದ್ರಾಸಿನಲ್ಲಿ ಓದಿ ಡಾಕ್ಟರಾದರೂ ತಿರುವಾಂಕೂರಿನಲ್ಲಿ ಕೆಲಸ ಕೊಡಲಿಲ್ಲ. ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಅವರು ಸಿಡುಬಿನ ಲಸಿಕೆ ತಯಾರಿಸುವ ಹೊಣೆ ಹೊತ್ತರು. ಕರುವಿನ ಚರ್ಮದ ಮೇಲೆ ಎಬ್ಬಿಸಿದ ಗುಳ್ಳೆಗಳ ರಸವೇ ಆಗಿನ ಲಸಿಕೆ. 1898ರಲ್ಲಿ ಪ್ಲೇಗ್ ಬಂದು ಜನ ಊರು ಬಿಡುತ್ತಿದ್ದಾಗ ಪಲ್ಪು ಪ್ಲೇಗ್ ಶಿಬಿರದಲ್ಲಿ ದುಡಿದರು. ಹೆಚ್ಚಿನ ಓದಿಗೆ ಸಂಸ್ಥಾನ ಅವರನ್ನು ಇಂಗ್ಲೆಂಡಿಗೂ ಕಳುಹಿಸಿತು.

ತನ್ನವರನ್ನು ಅವರು ಮರೆಯಲಿಲ್ಲ. ಈಳವರಿಗೂ ಶಾಲೆ, ಸರ್ಕಾರಿ ಕೆಲಸ ಸಿಗಬೇಕೆಂದು 1896ರಲ್ಲಿ 13,176 ಜನರ ಸಹಿಯ ಮನವಿಯನ್ನು ತಿರುವಾಂಕೂರು ಮಹಾರಾಜರಿಗೆ ಸಲ್ಲಿಸಿದರು. 1903ರಲ್ಲಿ ನಾರಾಯಣ ಗುರುಗಳ ಜೊತೆಗೂಡಿ ಎಸ್‌ಎನ್‌ಡಿಪಿ ಯೋಗಂ ಕಟ್ಟಲು ಶ್ರಮಿಸಿದರು. 1950ರಲ್ಲಿ ತೀರಿಕೊಂಡರು.

ಫ್ಲೂ, ಕೊರೊನಾ ವೈರಸ್‌ಗಳು ಹೊರಮೈಯನ್ನು ಬದಲಿಸುತ್ತಲೇ ಇರುತ್ತವೆ. ಹಳೆಯ ಪ್ರತಿಕಾಯಗಳಿಗೆ ಅವುಗಳ ಗುರುತು ಸರಿಯಾಗಿ ಸಿಗುವುದಿಲ್ಲ. ಸಿಡುಬಿನ ವೈರಸ್ ವೇಷ ಬದಲಿಸುವುದು ಬಹಳ ನಿಧಾನ. ಹಾಗಾಗಿ ಅದೇ ಬಗೆಯ ಲಸಿಕೆ ಕಡೆಯವರೆಗೂ ಫಲ ಕೊಟ್ಟಿತು. 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಜಗತ್ತಿಗೆ ಸಾರಲಾಯಿತು.

ಆದರೆ ಲಸಿಕೆ ಚೆನ್ನಾಗಿದ್ದರೆ ಸಾಲದು, ಎಲ್ಲರ ತೋಳಿಗೂ ತಲುಪಬೇಕು. ವೈರಸ್ ಹರಡಿದಷ್ಟೂ ಹೊಸ ವೇಷ ತೊಡಲು ಅದಕ್ಕೆ ಅವಕಾಶ. ಯಾರನ್ನೋ ಹೊರಗಿಟ್ಟು ಉಳಿದವರು ಕ್ಷೇಮವಾಗಿರಲಾರರು ಎಂಬುದನ್ನು ಪಲ್ಪು ಅವರ ಎರಡೂ ಕೆಲಸಗಳಿಂದ ನಾನು ಕಲಿತೆ.