ಹರ್ಮನ್ ಮೊಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ (29 ಮೇ 1811 – 10 ಮೇ 1881) ಬಾಸೆಲ್ ಮಿಷನ್ ಸಂಸ್ಥೆಯ ಜರ್ಮನ್ ಮಿಷನರಿ, ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ದ ಸಂಪಾದಕ ಹಾಗೂ ಪ್ರಾಚೀನ ಕನ್ನಡ ಕಾವ್ಯಗಳ ಪ್ರಕಾಶಕ. ಕನ್ನಡಿಗರು ಇವರನ್ನು ಹೆಚ್ಚಾಗಿ ಪತ್ರಿಕೋದ್ಯಮದ ಮೂಲಕವೇ ಬಲ್ಲರು. ಆದರೆ ಇವರ ಬದುಕಿನ ಮುಖ್ಯ ತಿರುವುಗಳನ್ನು ನಿರ್ಧರಿಸಿದ್ದು, ಸ್ವಂತ ಬುದ್ಧಿಯ ಲೆಕ್ಕಾಚಾರಕ್ಕಿಂತ ದೇವರ ನಡೆಸುವಿಕೆಗೆ ವಿಧೇಯನಾಗಬೇಕೆಂಬ ನಂಬಿಕೆ.

ಆರಂಭಿಕ ಜೀವನ

ಮೊಗ್ಲಿಂಗ್ ಜನಿಸಿದ್ದು ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದ ಬ್ರಾಕೆನ್‌ಹೈಮ್‌ನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆ ಕಾಲದ ಟ್ಯೂಬಿಂಗೆನ್ ವಿಚಾರವಾದದ ಕಣವಾಗಿತ್ತು. ಹೆಗೆಲನ ತತ್ತ್ವಜ್ಞಾನ ಅಲ್ಲಿ ಪ್ರಭಾವ ಬೀರಿತ್ತು. ಯೇಸುವಿನ ಚರಿತ್ರೆಯನ್ನು ವಿಮರ್ಶೆಗೊಡ್ಡಿ ಮುಂದೆ ಯುರೋಪಿನಾದ್ಯಂತ ಕೋಲಾಹಲವೆಬ್ಬಿಸಿದ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ ಅಲ್ಲಿಯೇ ಬೋಧಿಸುತ್ತಿದ್ದನು. ಇದಕ್ಕೆ ಎದುರಾಗಿ ವ್ಯೂರ್ಟೆಂಬರ್ಗಿನ ಊರೂರುಗಳಲ್ಲಿ ಪಯೆಟಿಸ್ಟ್ ಎಂಬ ಭಕ್ತಿಪಂಥ ಬೇರೂರಿತ್ತು. ಬೈಬಲ್ ಓದು, ಪ್ರಾರ್ಥನೆ ಮತ್ತು ದಿನನಿತ್ಯದ ಘಟನೆಗಳಲ್ಲಿ ದೈವಸಂಕೇತವನ್ನು ಗುರುತಿಸುವುದು ಈ ಪಂಥದ ರೀತಿ. ಸ್ವಬುದ್ಧಿಯನ್ನು ಆಧಾರ ಮಾಡಿಕೊಳ್ಳದೆ ಪೂರ್ಣಮನಸ್ಸಿನಿಂದ ದೇವರಲ್ಲಿ ಭರವಸೆಯಿಡಬೇಕೆಂಬ ಜ್ಞಾನೋಕ್ತಿಗಳ ಬೋಧನೆ ಈ ಜನರಿಗೆ ಬಾಳಿನ ನಿಯಮವಾಗಿತ್ತು. ಎರಡೂ ಲೋಕಗಳನ್ನು ಬಲ್ಲ ಮೊಗ್ಲಿಂಗ್ ಎರಡನೆಯದನ್ನು ಆರಿಸಿಕೊಂಡು ಬಾಸೆಲ್ ಮಿಷನ್ ಸೇರಿದರು. ಇವರ ಗೆಳೆಯ ಹರ್ಮನ್ ಗುಂಡರ್ಟ್ ಕೂಡ ಇದೇ ಹಾದಿ ಹಿಡಿದು ಮಲಯಾಳಂ ಭಾಷೆಗೆ ಸೇವೆ ಸಲ್ಲಿಸಿದರು.

ಮಂಗಳೂರಿನಲ್ಲಿ

ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರು ತಲುಪಿದ್ದು 1834ರಲ್ಲಿ. ಮೊಗ್ಲಿಂಗ್ ಬಂದದ್ದು 1836ರಲ್ಲಿ. ಬಲ್ಮಠದಲ್ಲಿ ಶಿಕ್ಷಣ ಮತ್ತು ಮುದ್ರಣ ಕಾರ್ಯಗಳಲ್ಲಿ ತೊಡಗಿದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿತವಾದ ಪಾಕ್ಷಿಕ 'ಮಂಗಳೂರ ಸಮಾಚಾರ' ಹೊರಬಂದಿತು. ಮರುವರ್ಷ ಅದು ಬಳ್ಳಾರಿಗೆ ವರ್ಗವಾಯಿತು. ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುವುದು ಈ ಕಾರಣದಿಂದಲೇ.

1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಇದರಿಂದ ಪಟ್ಟಣದಲ್ಲಿ ದೊಡ್ಡ ಗಲಭೆ ಉಂಟಾಯಿತು. ಅವರ ಪತ್ನಿ ಪತಿಯನ್ನು ಹಿಂಬಾಲಿಸಲಿಲ್ಲ. ದೇವರ ಕರೆಗೆ ಓಗೊಟ್ಟವನು ತೆತ್ತ ಬೆಲೆಯನ್ನು ಮಿಷನ್ ಸಾಹಿತ್ಯ ವಿಸ್ತಾರವಾಗಿ ಬಣ್ಣಿಸುತ್ತದೆ. ಮನೆಯಲ್ಲಿ ಉಳಿದವರು ತೆತ್ತ ಬೆಲೆಯೂ ಕಡಿಮೆಯದಲ್ಲ.

1848ರಿಂದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆ ಆರಂಭವಾಯಿತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವು ಇದರಲ್ಲಿ ಅಚ್ಚಾದವು. ಕ್ರೈಸ್ತ ಪ್ರಚಾರಕನೊಬ್ಬ ವೈಷ್ಣವ, ವೀರಶೈವ ಗ್ರಂಥಗಳನ್ನು ಅಚ್ಚು ಹಾಕಿಸಿದ್ದು ಇಂದಿಗೂ ಕುತೂಹಲ ಹುಟ್ಟಿಸುವ ಸಂಗತಿ.

ಕೊಡಗಿನ ನಿರ್ಧಾರ

1852ರ ಕೊನೆಯ ಹೊತ್ತಿಗೆ ಮೊಗ್ಲಿಂಗ್ ಅವರ ಆರೋಗ್ಯ ಕೆಟ್ಟಿತ್ತು. ಸ್ವದೇಶಕ್ಕೆ ಮರಳುವುದೆಂದು ತೀರ್ಮಾನವಾಗಿತ್ತು. ಆಗ ಕೊಡಗಿನ ಅಳಮಂಡ ಸೋಮಯ್ಯ ಎಂಬವರು ಮಂಗಳೂರಿಗೆ ಬಂದು ಕ್ರೈಸ್ತ ದೀಕ್ಷೆಯನ್ನು ಕೋರಿದರು. ಸ್ಟೀಫಾನಸ್ ಎಂಬ ಹೆಸರನ್ನು ಪಡೆದರು. ದೀಕ್ಷೆ ಪಡೆದವನು ತನ್ನ ಊರಿಗೆ ಒಂಟಿಯಾಗಿ ಮರಳಬೇಕಾಗಿತ್ತು. ಮೊಗ್ಲಿಂಗ್ ಇದನ್ನು ಆಕಸ್ಮಿಕವೆಂದು ಭಾವಿಸದೆ ದೇವರ ಅಪ್ಪಣೆಯೆಂದೇ ತಿಳಿದು, ಪ್ರಯಾಣವನ್ನು ಕೈಬಿಟ್ಟು 1853ರಲ್ಲಿ ಕೊಡಗಿಗೆ ಹೊರಟರು.

ವಿವೇಕದ ದೃಷ್ಟಿಯಿಂದ ಇದು ಸಮರ್ಥನೀಯವಾಗಿರಲಿಲ್ಲ. ದೇಹ ಬಳಲಿತ್ತು, ಕೊಡಗಿನಲ್ಲಿ ಮಿಷನ್ನಿನ ನೆಲೆಯಿರಲಿಲ್ಲ, ಬಾಸೆಲ್ಲಿನ ಆಡಳಿತ ಸಮಿತಿಗೆ ಹೊಸ ಕ್ಷೇತ್ರವನ್ನು ತೆರೆಯುವ ಮನಸ್ಸೂ ಇರಲಿಲ್ಲ. ತನ್ನ ಸೇವಕರಿಂದ ಕಟ್ಟುನಿಟ್ಟಾದ ವಿಧೇಯತೆಯನ್ನು ಬಯಸುತ್ತಿದ್ದ ಸಂಸ್ಥೆಯದು; ಸಮಿತಿಯ ಆಜ್ಞೆಯೂ ದೇವರ ಚಿತ್ತವೆಂಬುದು ಅಲ್ಲಿನ ಭಾವನೆ. ಹೀಗಾಗಿ ಪ್ರಶ್ನೆಯಿದ್ದದ್ದು ನಂಬಿಕೆ ಮತ್ತು ಬುದ್ಧಿಯ ನಡುವೆ ಮಾತ್ರವಲ್ಲ. ಎರಡು ಬಗೆಯ ವಿಧೇಯತೆಗಳ ನಡುವೆ. ಕೊಡಗಿನ ಕಾರ್ಯವನ್ನು ಮಿಷನ್ ವಹಿಸಿಕೊಂಡದ್ದು ಕೆಲವು ವರ್ಷಗಳ ಅನಂತರವೇ.

ಫಲ ನಿರೀಕ್ಷಿಸಿದಂತೆ ದೊರೆಯಲಿಲ್ಲ. ಸೋಮಯ್ಯನವರ ಹಿಂದೆ ಕೊಡವರು ದೊಡ್ಡ ಸಂಖ್ಯೆಯಲ್ಲಿ ಬರಲಿಲ್ಲ. ಬದಲಿಗೆ ಒಡೆಯರ ಜಮೀನುಗಳಲ್ಲಿ ಜೀತದಾಳುಗಳಂತೆ ದುಡಿಯುತ್ತಿದ್ದ ಹೊಲೆಯ ಸಮುದಾಯದವರು ಬಂದರು. ಅವರಿಗಾಗಿ ಕೌಂಡಿನ್ಯರ ನೆರವಿನಿಂದ ನೆಲೆಯೊಂದು ಸ್ಥಾಪಿತವಾಗಿ, ಅವರ ಹೆಸರಿನಿಂದಲೇ ಆನಂದಪುರ ಎನಿಸಿತು. ಕೊಡಗಿನ ಚರಿತ್ರೆ ಮತ್ತು ಜನಜೀವನವನ್ನು ಕುರಿತ 'ಕೂರ್ಗ್ ಮೆಮೊಯರ್ಸ್' (1855) ಈ ವಾಸ್ತವ್ಯದ ಇನ್ನೊಂದು ಫಲ.

ಕೊನೆಯ ವರ್ಷಗಳು

ತಮ್ಮ ಸೋದರಸಂಬಂಧಿ ಹಾಗೂ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ತೀರಿಕೊಂಡ ಬಳಿಕ ಮೊಗ್ಲಿಂಗ್ ಅವರ ವಿಧವೆ ಪಾಲಿನಾರನ್ನು ವಿವಾಹವಾದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಇವರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಭಾರತವನ್ನು ಬಿಟ್ಟವರು ಮತ್ತೆ ಬರಲಿಲ್ಲ. ಜರ್ಮನಿಯಲ್ಲಿದ್ದುಕೊಂಡೇ ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಎಸ್ಲಿಂಗೆನ್‌ನಲ್ಲಿ ನಿಧನರಾದರು.