ಗ್ರಂಥಾಲಯವನ್ನು ಅಳೆಯಹೊರಟ ಗಣಿತಜ್ಞ ಎಸ್. ಆರ್. ರಂಗನಾಥನ್

1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಪಟ್ಟಣದಲ್ಲಿ ಗ್ರಂಥಪಾಲಕರ ಸಮ್ಮೇಳನವೊಂದು ಸೇರಿತ್ತು. ಜೀವಶಾಸ್ತ್ರಕ್ಕೆ ಬಯೋಮೆಟ್ರಿ, ಅರ್ಥಶಾಸ್ತ್ರಕ್ಕೆ ಇಕನೊಮೆಟ್ರಿ ಇರುವಂತೆ ಗ್ರಂಥಾಲಯಕ್ಕೂ ಒಂದು ಅಳತೆಯ ಶಾಸ್ತ್ರ ಬೇಕೆಂದು ಭಾರತದ ಪ್ರತಿನಿಧಿಯೊಬ್ಬರು ಅಲ್ಲಿ ಪ್ರತಿಪಾದಿಸಿದರು. ಅದಕ್ಕೆ ಅವರಿಟ್ಟ ಹೆಸರು ಲೈಬ್ರಾಮೆಟ್ರಿ. ಅವರೇ ಶಿಯಾಳಿ ರಾಮಾಮೃತ ರಂಗನಾಥನ್.

1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. ಅವರ ಅಧ್ಯಾಪನ ವೃತ್ತಿ ಆರಂಭವಾದದ್ದು 1917ರಲ್ಲಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕೆಲಸದ ಪರಿಚಯವೇ ಅವರಿಗಿರಲಿಲ್ಲ. ವಿದ್ಯಾರ್ಥಿಗಳ ಗದ್ದಲಕ್ಕೆ ಒಗ್ಗಿದ್ದವರಿಗೆ ಗ್ರಂಥಾಲಯದ ಏಕಾಂತ ಸೆರೆಮನೆಯಂತೆ ತೋರಿತು. ಕೆಲವೇ ದಿನಗಳಲ್ಲಿ ಹಳೆಯ ಹುದ್ದೆಗೆ ಮರಳಲು ಬಯಸಿದರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಾಸ್ತ್ರ ಓದಿ ಬರಲಿ, ಆಮೇಲೂ ಮನಸ್ಸು ಒಪ್ಪದಿದ್ದರೆ ನೋಡೋಣ ಎಂಬ ಒಪ್ಪಂದದ ಮೇಲೆ ಅವರನ್ನು ಕಳುಹಿಸಲಾಯಿತು.

ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಅವರ ಕಣ್ಣಿಗೆ ಬಿತ್ತು. ಕೆಲವೇ ಬಿಡಿಭಾಗಗಳನ್ನು ಬೇರೆಬೇರೆಯಾಗಿ ಜೋಡಿಸಿ ಹಲವು ವಸ್ತುಗಳನ್ನು ಕಟ್ಟಬಹುದಾದರೆ ವಿಷಯಗಳನ್ನೇಕೆ ಹಾಗೆ ಕಟ್ಟಬಾರದು? ಈ ಯೋಚನೆಯೇ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣಕ್ಕೆ ಬೀಜವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1931ರಲ್ಲಿ, ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಹೊರಬಂದಿದ್ದವು. ಓದುಗನ ಸಮಯ ಉಳಿಯಬೇಕೆಂಬುದು ಅವುಗಳಲ್ಲೊಂದು. ಸಮಯ ಉಳಿಯಿತೇ ಎಂದು ತಿಳಿಯಲು ಎಣಿಸಲೇಬೇಕಲ್ಲ! ಎಷ್ಟು ಓದುಗರಿಗೆ ಎಷ್ಟು ಸಿಬ್ಬಂದಿ, ಯಾವ ಪುಸ್ತಕ ಎಷ್ಟು ಬಾರಿ ಕೈಬದಲಾಯಿತು ಎಂಬಂಥ ಪ್ರಶ್ನೆಗಳಿಗೆ ಅಂದಾಜಿನ ಉತ್ತರ ಗಣಿತದ ಮೇಷ್ಟ್ರಿಗೆ ಸಾಲದಾಯಿತು. ಲೈಬ್ರಾಮೆಟ್ರಿಯ ಬೇರು ಇಲ್ಲಿದೆ.

ಬನಾರಸ್, ದೆಹಲಿ, ಜ್ಯೂರಿಕ್‌ಗಳಲ್ಲಿ ದುಡಿದ ಬಳಿಕ 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಜೀವಮಾನದ ಉಳಿತಾಯವಾದ 1 ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಅಕ್ಷರಕ್ಕೂ ಅಂಕಿಗೂ ಇದಕ್ಕಿಂತ ಒಳ್ಳೆಯ ಮನೆ ದೊರಕುವುದು ಕಷ್ಟವಿತ್ತು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಚಿಂತನೆಯಿದೆ. ನಗರವಾಸಿಗಳು ಆಸ್ತಿ ತೆರಿಗೆಯೊಡನೆ ತೆರುವ ಗ್ರಂಥಾಲಯ ಕರಕ್ಕೆ ಆಧಾರ ಈ ಕಾಯ್ದೆಯೇ.

1969ರಲ್ಲಿ ಬೆಂಗಳೂರಿನ ಕೇಂದ್ರದ ವಾರ್ಷಿಕ ವಿಚಾರಸಂಕಿರಣದಲ್ಲಿ ರಂಗನಾಥನ್ ಲೈಬ್ರಾಮೆಟ್ರಿಯ ವ್ಯಾಪ್ತಿಯ ಕುರಿತು ಪ್ರಬಂಧ ಮಂಡಿಸಿದರು. ಅದೇ ವರ್ಷ ಬ್ರಿಟನ್ನಿನ ಅಲನ್ ಪ್ರಿಚರ್ಡ್ ಬಿಬ್ಲಿಯೊಮೆಟ್ರಿಕ್ಸ್ ಎಂಬ ಪದವನ್ನು ಮುಂದಿಟ್ಟರು. ಲೋಕದಲ್ಲಿ ನಿಂತದ್ದು ಪ್ರಿಚರ್ಡರ ಪದ. ರಂಗನಾಥನ್ನರ ದೃಷ್ಟಿ ಹೆಚ್ಚಾಗಿ ಗ್ರಂಥಾಲಯದ ಆಡಳಿತದ ಮೇಲಿತ್ತು. ಹೊಸ ಶಾಸ್ತ್ರ ಸಂಶೋಧನ ಬರಹಗಳನ್ನೇ ಎಣಿಸತೊಡಗಿತು. ಆದರೂ ಮೊದಲಿನವರ ಹೆಸರು ಹಿಂದೆ ಸರಿದದ್ದು ನ್ಯಾಯವೆನಿಸದು.

ಆ ಎಣಿಕೆಯ ಉಪಯೋಗಕ್ಕೆ ವ್ಯಾಯಾಮ ಮತ್ತು ಆರೋಗ್ಯದ ಸಂಶೋಧನೆ ಉತ್ತಮ ನಿದರ್ಶನ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ಕುಳಿತೇ ದುಡಿಯುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಕಂಡಿತ್ತು. ಅಲ್ಲಿಂದೀಚೆಗೆ ಈ ವಿಷಯದ ಪ್ರಬಂಧಗಳು ಒಬ್ಬ ಮನುಷ್ಯ ಓದಿ ಮುಗಿಸಲಾಗದಷ್ಟಾಗಿವೆ. ಯಾವುದು ಯಾವುದನ್ನು ಉಲ್ಲೇಖಿಸಿದೆ, ಯಾವ ಪದಗಳು ಒಟ್ಟಿಗೆ ಬರುತ್ತವೆ ಎಂದು ಗಣಕಯಂತ್ರದಿಂದ ಎಣಿಸಿ ಸಂಶೋಧನೆಯ ಭೂಪಟವನ್ನೇ ಬರೆಯಲಾಗುತ್ತದೆ. ಹೃದಯದಿಂದ ಮಧುಮೇಹಕ್ಕೆ, ಮನಸ್ಸಿನ ಆರೋಗ್ಯಕ್ಕೆ ಆಸಕ್ತಿ ಹರಡಿದ ದಾರಿ ಅದರಲ್ಲಿ ಕಾಣುತ್ತದೆ.

1965ರಲ್ಲಿ ಕೇಂದ್ರ ಸರ್ಕಾರ ರಂಗನಾಥನ್ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತ್ತು. 1972ರ ಸೆಪ್ಟೆಂಬರ್ 27ರಂದು, ಎಂಬತ್ತರ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು.