ಆಪ್ತನಿಗೂ ಒಂದೇ ಲೆಕ್ಕ

ಅಧಿಕಾರಸ್ಥರು ತಮ್ಮ ಆಪ್ತರ ತಪ್ಪನ್ನು ಕಂಡೂ ಕಾಣದಂತೆ ಇರುವುದೇಕೆ? ಆ ಆಪ್ತನಿಂದ ಅವರಿಗೂ ಪ್ರಯೋಜನವಿರುತ್ತದೆ. ಅವನ ಲೆಕ್ಕ ಬಿಚ್ಚಿದರೆ ತಮ್ಮದೂ ಬಯಲಾಗುವ ಭಯವಿರುತ್ತದೆ. ಈ ಭಯವನ್ನು ಗೆದ್ದ ಆಡಳಿತಗಾರರಲ್ಲಿ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಪ್ರಮುಖರು.

ಅವರು ಉಮಯ್ಯಾ ರಾಜಮನೆತನದವರು. ತಂದೆ ಈಜಿಪ್ಟಿನ ರಾಜ್ಯಪಾಲರು. ತಾಯಿ ದ್ವಿತೀಯ ಖಲೀಫಾ ಹಝ್ರತ್ ಉಮರ್(ರ)ರ ಮೊಮ್ಮಗಳು. ಪತ್ನಿ ಫಾತಿಮಾ ಖಲೀಫಾ ಅಬ್ದುಲ್ ಮಲಿಕ್‌ರ ಮಗಳು. ಕ್ರಿ.ಶ. 706ರಲ್ಲಿ ಅವರು ಮದೀನಾದ ರಾಜ್ಯಪಾಲರಾದರು. ಅಲ್ಲಿ ಖಲೀಫಾ ವಲೀದ್‌ರ ಆಜ್ಞೆಯಂತೆ ಅಬ್ದುಲ್ಲಾ ಬಿನ್ ಝುಬೈರ್(ರ)ರ ಪುತ್ರ ಖುಬೈಬ್‌ರಿಗೆ ಚಾಟಿಯೇಟು ಹೊಡೆಸಿದರು. ಖುಬೈಬ್ ಅದರಿಂದಲೇ ಮೃತಪಟ್ಟರು. ಆಜ್ಞೆ ಮೇಲಿನಿಂದ ಬಂದದ್ದೆಂಬ ನೆಪ ಅವರಿಗೆ ಸಮಾಧಾನ ನೀಡಲಿಲ್ಲ. ಆ ಪಶ್ಚಾತ್ತಾಪ ಅವರನ್ನು ಕಾಡುತ್ತಲೇ ಇತ್ತು.

717ರಲ್ಲಿ (ಹಿ.ಶ. 99) ಖಲೀಫಾ ಸುಲೈಮಾನ್ ನಿಧನರಾದಾಗ ಖಿಲಾಫತ್ತಿನ ಹೊಣೆ ಇವರ ಹೆಗಲೇರಿತು. ಮೊದಲು ಅವರು ಬಿಚ್ಚಿದ್ದು ತಮ್ಮದೇ ಲೆಕ್ಕವನ್ನು. ತಮಗೆ ಬಂದಿದ್ದ ಜಹಗೀರುಗಳನ್ನು ಹಿಂದಿರುಗಿಸಿದರು. ಪತ್ನಿಯ ಆಭರಣ ಬೈತುಲ್ ಮಾಲ್ ಸೇರಿತು. ಬಂಧುಗಳು ಅನ್ಯಾಯವಾಗಿ ಪಡೆದಿದ್ದ ಆಸ್ತಿಗಳನ್ನೂ ಬಿಡಿಸಿಕೊಂಡರು. ಮನೆತನದವರು ಮುನಿಸಿಕೊಂಡರು.

ಖುರಾಸಾನಿನ ರಾಜ್ಯಪಾಲ ಯಝೀದ್ ಬಿನ್ ಮುಹಲ್ಲಬ್ ಸುಲೈಮಾನ್‌ರ ಆಪ್ತ. ಜುರ್ಜಾನ್, ತಬರಿಸ್ತಾನ್ ಯುದ್ಧಗಳ ಸಂಪತ್ತಿನಲ್ಲಿ ಬೊಕ್ಕಸಕ್ಕೆ ಸಲ್ಲಬೇಕಾದ ಐದನೇ ಒಂದು ಪಾಲು ಅಪಾರವೆಂದು ಅವನು ಸುಲೈಮಾನ್‌ರಿಗೆ ಪತ್ರ ಬರೆದಿದ್ದ. ಹಣ ಮಾತ್ರ ಬಂದಿರಲಿಲ್ಲ. ಉಮರ್(ರ) ಲೆಕ್ಕ ಕೇಳಿದರು. ಜನರ ಕಿವಿಗೆ ಬೀಳಲೆಂದಷ್ಟೇ ಹಾಗೆ ಬರೆದೆ, ಸುಲೈಮಾನ್ ಅದನ್ನು ಕೇಳಲಾರರೆಂದು ಗೊತ್ತಿತ್ತು ಎಂದು ಅವನು ಉತ್ತರಿಸಿದ. ಪ್ರಭುವಿನ ಸ್ನೇಹವನ್ನು ಅವನು ಸಾಲ ಮನ್ನಾ ಪತ್ರವೆಂದು ಭಾವಿಸಿದ್ದ! ಅದು ಮುಸ್ಲಿಮರ ಹಕ್ಕು, ಬಿಟ್ಟುಕೊಡಲು ತಮ್ಮ ಸ್ವತ್ತಲ್ಲವೆಂದು ಉಮರ್(ರ) ಅವನನ್ನು ಸೆರೆಯಲ್ಲಿಟ್ಟರು. ಅವನ ಮಗ ಬಂದು ಬೇಡಿಕೊಂಡರೂ ಬಿಡಲಿಲ್ಲ.

720ರಲ್ಲಿ (ಹಿ.ಶ. 101) ಆ ಖಲೀಫಾ ಕೊನೆಯುಸಿರೆಳೆದರು. ಆಳಿದ್ದು ಸುಮಾರು ಎರಡೂವರೆ ವರ್ಷ. ಅವರ ಕೊನೆಯ ಕಾಯಿಲೆಯ ಸಮಯದಲ್ಲೇ ಯಝೀದ್ ಸೆರೆಯಿಂದ ತಪ್ಪಿಸಿಕೊಂಡ. ಒಬ್ಬರ ನ್ಯಾಯನಿಷ್ಠೆ ಅವರೊಂದಿಗೇ ಮುಗಿಯಬಾರದು, ಸಮಾಜ ಅದನ್ನು ಮುಂದುವರಿಸಬೇಕು ಎಂಬುದಕ್ಕೆ ಇದೂ ಒಂದು ಪಾಠ.

ನಮ್ಮ ಕೈಯಲ್ಲಿ ಖಿಲಾಫತ್ ಇಲ್ಲದಿರಬಹುದು. ಒಂದು ಮನೆಯ, ಒಂದು ಮಸೀದಿಯ ಲೆಕ್ಕಪುಸ್ತಕವಂತೂ ಇದೆ. ನಮಗೆ ಉಪಕಾರಿಯಾದವನ ತಪ್ಪು ಅದರಲ್ಲಿ ಕಂಡಾಗ ನಾವು ಪುಟ ಮಗುಚುತ್ತೇವೆಯೋ, ಪ್ರಶ್ನಿಸುತ್ತೇವೆಯೋ? ಅಲ್ಲಾಹನ ಮುಂದೆ ಅವನ ಲೆಕ್ಕದ ಜೊತೆ ನಮ್ಮ ಮೌನದ ಲೆಕ್ಕವೂ ಇರುತ್ತದೆ.